ರಾವಣನ ಲಗೇಜು

ನಮ್ಮ ಜಿಲ್ಲೆಯ ಕಡಲತೀರದಲ್ಲಿ ಪರವೂರಿನ ಪ್ರವಾಸಿಯೊಬ್ಬ ಮೋಸಹೋದ ಮೊದಲ ಪ್ರಕರಣ ನಡೆದದ್ದು ಗೋಕರ್ಣದಲ್ಲಿ. ಆಗ ದೂರು ಕೊಡಲು ಠಾಣೆ ಇರಲಿಲ್ಲವಾದ್ದರಿಂದ ಅದು ಸ್ಥಳಪುರಾಣವಾಯಿತು. ಪ್ರವಾಸಿ ಲಂಕೆಯವನು. ಬಲಿಷ್ಠ, ವೇದ ಓದಿದವನು, ತಾಯಿಗೆಂದು ಕೈಲಾಸದಿಂದ ಆತ್ಮಲಿಂಗ ಹಿಡಿದುಕೊಂಡು ಊರಿಗೆ ಹೊರಟವನು. ಎಲ್ಲಿಯೂ ನೆಲಕ್ಕೆ ಇಡಬಾರದು ಎಂಬುದೊಂದೇ ಷರತ್ತು. ಗೋಕರ್ಣಕ್ಕೆ ಬರುವ ಹೊತ್ತಿಗೆ ಸಂಜೆಯಾಯಿತು. ಸಂಜೆಯಾದ ಹಾಗೆ ಕಾಣಿಸಿತು ಎನ್ನಬೇಕು, ಯಾಕೆಂದರೆ ವಿಷ್ಣು ಸೂರ್ಯನಿಗೆ ಚಕ್ರ ಅಡ್ಡ ಹಿಡಿದಿದ್ದ. ಸಂಧ್ಯಾವಂದನೆಯ ಹೊತ್ತು ಮೀರುತ್ತದಲ್ಲ ಎಂದು ರಾವಣನಿಗೆ ಗಡಿಬಿಡಿ. ಅಷ್ಟರಲ್ಲಿ ಸೌಮ್ಯ ಮುಖದ ವಟುವೊಬ್ಬ ಎದುರಾದ. ಹಿಡಿದುಕೊಂಡಿರುತ್ತೇನೆ, ಭಾರ ತಡೆಯದಿದ್ದರೆ ಮೂರು ಸಲ ಕರೆಯುತ್ತೇನೆ, ಬರದಿದ್ದರೆ ಕೆಳಗಿಡುತ್ತೇನೆ ಎಂದ. ರಾವಣ ಒಪ್ಪಿದ. ಹುಡುಗ ಒಂದು ಸುಳ್ಳನ್ನೂ ಹೇಳಲಿಲ್ಲ. ಮೂರು ಸಲ ಕರೆದ, ಕೆಳಗಿಟ್ಟ. ಎಷ್ಟು ಬೇಗ ಬೇಗ ಕರೆಯುತ್ತೇನೆಂದು ಅವನು ಹೇಳಿರಲಿಲ್ಲ, ರಾವಣ ಕೇಳಿರಲಿಲ್ಲ.

ಗಣಪತಿಯ ಮೇಲೆ ಆಪಾದನೆ ಹೊರಿಸುವ ಧೈರ್ಯ ನನಗಿಲ್ಲ. ಅದು ಲೋಕಕಲ್ಯಾಣಾರ್ಥವಾಗಿ ಆದದ್ದು. ಗೋಕರ್ಣಕ್ಕೆ ಹೋದಾಗ ನಾನೂ ಎಲ್ಲರ ಹಾಗೆ ಮೊದಲು ಅವನಿಗೆ ಕೈಮುಗಿದೇ ಮಹಾಬಲೇಶ್ವರನ ಕಡೆ ಹೆಜ್ಜೆ ಹಾಕುವವನು. ರಾವಣ ಸಿಟ್ಟಿನಲ್ಲಿ ಕುಟ್ಟಿದ್ದರ ಗುರುತು ಇವತ್ತಿಗೂ ಆ ಮೂರ್ತಿಯ ತಲೆಯ ಮೇಲಿದೆ ಎನ್ನುತ್ತಾರೆ. ಆತ್ಮಲಿಂಗಕ್ಕೆ ಸುತ್ತಿದ್ದ ಬಟ್ಟೆ, ದಾರ, ಸಂಪುಟ, ಮುಚ್ಚಳಗಳನ್ನು ಅವನು ಕಿತ್ತೆಸೆದಾಗ ಅವು ಬಿದ್ದಲ್ಲೆಲ್ಲ ಕ್ಷೇತ್ರಗಳಾದವು: ಮುರುಡೇಶ್ವರ, ಗುಣವಂತೆ, ಧಾರೇಶ್ವರ, ಸಜ್ಜೇಶ್ವರ. ಮೋಸಹೋದವನ ಸಾಮಾನಿನ ಪ್ಯಾಕಿಂಗು ಕೂಡ ಪಂಚಕ್ಷೇತ್ರ ದರ್ಶನದ ಟೂರಾಗಿ ಇವತ್ತಿಗೂ ನಡೆಯುತ್ತಿದೆ. ನನ್ನ ಕುತೂಹಲ ಆ ಕೈಚಳಕದ ಬಗೆಗೆ ಮಾತ್ರ. ಗಡಿಬಿಡಿ ಹುಟ್ಟಿಸುವುದು, ಕೈತುಂಬ ಸಾಮಾನಿದ್ದಾಗ ನೆರವಾಗಲು ಬರುವುದು, ಕರಾರನ್ನು ಮೊದಲೇ ಹೇಳುವುದು, ಆದರೆ ಅರ್ಧ ಮಾತ್ರ ಹೇಳುವುದು. ಲೋಕಕಲ್ಯಾಣವೊಂದನ್ನು ತೆಗೆದುಹಾಕಿದರೆ ಉಳಿದದ್ದೆಲ್ಲ ಇಂದಿನ ಬೀಚಿನಲ್ಲಿ ಹಾಗೆಯೇ ಚಾಲ್ತಿಯಲ್ಲಿದೆ.

ಘಟ್ಟದ ಮೇಲಿನ ನಮಗೆ ಸಮುದ್ರ ದೂರವೇನಲ್ಲ. ಶಿರಸಿಯವರು ದೇವಿಮನೆ ಘಟ್ಟ ಇಳಿಯುತ್ತಾರೆ, ಸಿದ್ದಾಪುರದವರು ದೊಡ್ಮನೆ ಘಟ್ಟ, ಯಲ್ಲಾಪುರದವರು ಅರಬೈಲು. ಶಿರಸಿಯಿಂದ ಕುಮಟೆಗೆ 60 ಕಿಲೋಮೀಟರಿನ ಆಸುಪಾಸು. ಆದರೂ ಹಿಂದೆಲ್ಲ ಮಜಾ ಮಾಡಲೆಂದು ಸಮುದ್ರಕ್ಕೆ ಹೋಗುವ ರೂಢಿ ನಮ್ಮಲ್ಲಿರಲಿಲ್ಲ. ಸಾಣಿಕಟ್ಟೆಯ ಉಪ್ಪು ಮೇಲೆ ಬರುತ್ತಿತ್ತು, ಅಡಿಕೆ ಮೆಣಸು ಕೆಳಗೆ ಹೋಗುತ್ತಿತ್ತು, ಮನುಷ್ಯರು ಹೋಗುತ್ತಿದ್ದದ್ದು ಅಮಾವಾಸ್ಯೆಯ ಸ್ನಾನಕ್ಕೆ ಇಲ್ಲವೇ ಪಿತೃಕಾರ್ಯಕ್ಕೆ. ಮನೆತನಕ್ಕೊಬ್ಬರು ಪರಿಚಯದ ಭಟ್ಟರು ಗೋಕರ್ಣದಲ್ಲಿರುತ್ತಿದ್ದರು. ಬಸ್ಸಿಳಿದವರು ಸೀದಾ ಅವರ ಮನೆ ಜಗಲಿಗೆ. ಕಾಲಿಗೆ ನೀರು, ಆಸರಿಗೆ, ಚಾಪೆ, ಮರುದಿನ ಕೋಟಿತೀರ್ಥ, ಸಮುದ್ರ, ಊಟ. ದಕ್ಷಿಣೆ ಎಷ್ಟೆಂದು ಇವರು ಕೇಳರು, ಅವರು ಹೇಳರು. ಆದರೂ ಲೆಕ್ಕ ತಪ್ಪುತ್ತಿರಲಿಲ್ಲ. ಕಡಿಮೆ ಕೊಟ್ಟರೆ ಬರುವ ವರ್ಷ ಭಟ್ಟರ ಮುಖ ನೋಡಬೇಕು. ಭಟ್ಟರು ಹೆಚ್ಚಿಗೆ ನಿರೀಕ್ಷಿಸಿದರೆ ಬರುವ ವರ್ಷ ಇವರು ಬೇರೆ ಜಗಲಿ ಹತ್ತಬಹುದು. ಎರಡೂ ಕಡೆಯವರನ್ನು ಆ ಬರುವ ವರ್ಷವೇ ನೆಟ್ಟಗೆ ನಡೆಸುತ್ತಿತ್ತು.

ಬೀಚಿನಲ್ಲಿ ಬರುವ ವರ್ಷವೆಂಬುದೇ ಇಲ್ಲ. ಶಿರಸಿಯ ಪೇಟೆಯಲ್ಲಿ ಕಿರಾಣಿ ಅಂಗಡಿಯವನಿಗೆ ನನ್ನ ಊರು, ಮನೆ, ಅಡಿಕೆ ಯಾವ ಸೊಸೈಟಿಗೆ ಹೋಗುತ್ತದೆ, ಮಗಳನ್ನು ಎಲ್ಲಿಗೆ ಕೊಟ್ಟಿದೆ, ಎಲ್ಲ ಗೊತ್ತು. ಅವನು ನನಗೆ ಐದು ರೂಪಾಯಿ ಮೋಸ ಮಾಡಿದರೆ ಯಾವುದಾದರೂ ಮದುವೆ ಮನೆಯ ಪಂಕ್ತಿಯಲ್ಲಿ ಆ ಐದು ರೂಪಾಯಿ ಅವನ ಎಲೆಯ ಮೇಲೆ ಬಂದು ಬೀಳುತ್ತದೆ. ಮರಳಿನ ಮೇಲೆ ನಿಂತ ಇಬ್ಬರಿಗೆ ಪರಸ್ಪರ ಹೆಸರೂ ಗೊತ್ತಿರುವುದಿಲ್ಲ. ಇವತ್ತು ಬಂದವರು ನಾಳೆ ಇಲ್ಲ. ಹಾಗಂತ ಕರಾವಳಿಯವರನ್ನು ದೂರಲು ನಾನು ಹೊರಟಿಲ್ಲ. ಅಂಕೋಲೆ, ಕುಮಟೆಯ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹಾಲಕ್ಕಿ ಹೆಂಗಸು ಬಸಳೆ ಕಟ್ಟಿಗೆ ಒಂದು ದರ ಹೇಳಿದರೆ ಅದೇ ದರ. ನಾವು ಕಾರಿನಿಂದಿಳಿದೆವೆಂದು ಹೆಚ್ಚಿಸುವುದೂ ಇಲ್ಲ, ಚೌಕಾಸಿ ಮಾಡಿದೆವೆಂದು ಇಳಿಸುವುದೂ ಇಲ್ಲ. ನಾಳೆಯೂ ಅವಳು ಅಲ್ಲೇ ಕೂರಬೇಕಲ್ಲ.

ನನಗೆ ಸೋಜಿಗವಾಗುವುದು ನಮ್ಮವರ ನಡತೆ. ಅಡಿಕೆ ಬೆಳೆಗಾರನಿಗೆ ವ್ಯಾಪಾರ ಕಲಿಸುವ ಅಗತ್ಯವಿಲ್ಲ. ದಲಾಲರ ಕೈಯಲ್ಲಿ ಸಿಕ್ಕು ಸೋತವರೇ 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡರು. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಅಡಿಕೆಯನ್ನು ಜಾತಿವಾರು ಬೇರೆ ಮಾಡಿ, ಗುಡ್ಡೆ ಹಾಕಿ, ವ್ಯಾಪಾರಸ್ಥರಿಂದ ಟೆಂಡರ್ ಬರೆಸಿಕೊಂಡು, ಆಮೇಲೂ ಇವತ್ತಿನ ದರಕ್ಕೆ ಕೊಡುವುದಿಲ್ಲ ಎಂದು ಮಾಲನ್ನು ಹಾಗೆಯೇ ಇಟ್ಟುಬಿಡುವ ಗಟ್ಟಿಗರು ಇವರು. ದರ ಏರಲಿ ಎಂದು ಚಾಲಿಯನ್ನು ತಿಂಗಳುಗಟ್ಟಲೆ ಮೆತ್ತಿನ ಮೇಲೆ ಕಾಯಿಸಬಲ್ಲರು. ಇದೇ ಮನುಷ್ಯ ಚಡ್ಡಿ ಹಾಕಿಕೊಂಡು ಮರಳಿಗಿಳಿದ ಮೇಲೆ ಆಟೋದವನ ಹತ್ತಿರ ಎಷ್ಟಾಗುತ್ತದೆ ಎಂದು ಕೇಳಲು ಸಂಕೋಚಪಡುತ್ತಾನೆ. ಮಾರುವಾಗ ಬರುವ ಬಾಯಿ ಕೊಳ್ಳುವಾಗ ಬರುವುದಿಲ್ಲ. ಅದರಲ್ಲೂ ಹೆಂಡತಿ ಮಕ್ಕಳ ಎದುರು, ಬೀಗರ ಎದುರು, ಬೆಂಗಳೂರಿನಿಂದ ಬಂದ ಅಳಿಯನ ಎದುರು, ದರ ಕೇಳುವುದೆಂದರೆ ಮರ್ಯಾದೆಯ ಪ್ರಶ್ನೆ.

ನಮ್ಮ ಭಾವನ ದೋಣಿ ಪ್ರಸಂಗ ನೆಂಟರಲ್ಲೆಲ್ಲ ಪ್ರಸಿದ್ಧ. ಕುಟುಂಬ ಸಮೇತ ಎಂಟು ಜನ ಹೋಗಿದ್ದರು. ದೋಣಿಯವನು ಮುನ್ನೂರು ಎಂದ. ಭಾವ ಗಂಭೀರವಾಗಿ ತಲೆ ಆಡಿಸಿದರು. ಒಂದು ಸುತ್ತು ಹೋಗಿ ಬಂದ ಮೇಲೆ ಗೊತ್ತಾದದ್ದು, ಮುನ್ನೂರು ದೋಣಿಗಲ್ಲ, ತಲೆಗೆ. ಮಡಿಲಲ್ಲಿ ಕೂತ ಮೂರು ವರ್ಷದ ಮೊಮ್ಮಗಳದ್ದೂ ಒಂದು ತಲೆ. ಅದೂ ಹತ್ತು ನಿಮಿಷಕ್ಕೆ. ಇವರು ತಿರುಗಿದ್ದು ಇಪ್ಪತ್ತು. ನಡುವೆ ನಿಲ್ಲಿಸಿ ಬಂಡೆಯೊಂದನ್ನು ತೋರಿಸಿದ್ದಕ್ಕೆ ಬೇರೆ ಲೆಕ್ಕ. ಅತ್ತಿಗೆ ಕಣ್ಣು ಕೆಕ್ಕರಿಸಿ ನೋಡಿದರು. ಭಾವ ಅಳಿಯನ ಮುಖ ನೋಡಿದರು, ದೋಣಿಯವನ ಮುಖ ನೋಡಿದರು, ಅಡ್ಡಿಲ್ಲೆ ಅಡ್ಡಿಲ್ಲೆ ಎನ್ನುತ್ತ ಫೋನು ತೆಗೆದರು. ಒಬ್ಬರಿಗೋ ಎಲ್ಲರಿಗೋ, ಹೋಗಿ ಬರುವುದಕ್ಕೋ ಹೋಗುವುದಕ್ಕಷ್ಟೆಯೋ, ಎಷ್ಟು ಹೊತ್ತು, ಮೇಲೆ ಇನ್ನೇನಾದರೂ ಇದೆಯೋ ಎಂದು ದಡದಲ್ಲಿ ನಿಂತು ಕೇಳಿದ್ದರೆ ಅರ್ಧ ನಿಮಿಷ ಸಾಕಿತ್ತು. ಕೊಟ್ಟಿಗೆಗೆ ಹಂಚು ಹೊದೆಸುವವನ ಹತ್ತಿರ ಇಂಥ ನಲವತ್ತು ಪ್ರಶ್ನೆ ಕೇಳಿಯೇ ಕೆಲಸ ಕೊಡುವ ಮನುಷ್ಯ ಅವರು.

ನಾವು ಚೌಕಾಸಿ ಮಾಡುವುದೇ ಇಲ್ಲವೆಂದಲ್ಲ. ಮಾಡಬಾರದವನ ಹತ್ತಿರ ಮಾಡುತ್ತೇವೆ. ಬೀಚಿನಲ್ಲಿ ಸೀಟಿ ಊದಿಕೊಂಡು ನಿಂತ ಜೀವರಕ್ಷಕ ಸಿಬ್ಬಂದಿ ಒಂದು ಪೈಸೆ ಕೇಳದೆ ಬುದ್ಧಿ ಹೇಳುವ ಏಕೈಕ ಮನುಷ್ಯ. ಅವನೊಂದಿಗೆ ಮಾತ್ರ ನಮ್ಮದು ಎಲ್ಲಿಲ್ಲದ ವಾದ: ಐದೇ ನಿಮಿಷ, ಮೊಣಕಾಲಿನ ತನಕ, ನಮಗೆ ಹೊಳೆಯಲ್ಲಿ ಈಜು ಬರುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ಆಮೇಲೆ ಕೆಲಕಾಲ ಅಲ್ಲಿ ನೀರಿಗಿಳಿಯುವುದನ್ನೇ ನಿಲ್ಲಿಸಿದ್ದರು. ಅಘನಾಶಿನಿಯಲ್ಲಿ ಈಜಿದವನ ಈಜು ಸಮುದ್ರದ ಸೆಳವಿಗೆ ಲೆಕ್ಕಕ್ಕಿಲ್ಲ. ಆ ಸೀಟಿಯವನ ಹತ್ತಿರ ಬಾಯಿ ಮುಚ್ಚಿಕೊಂಡು, ದೋಣಿಯವನ ಹತ್ತಿರ ಬಾಯಿ ಬಿಟ್ಟರೆ ನಮ್ಮ ಪ್ರವಾಸದ ಅರ್ಧ ಕಷ್ಟ ಕಳೆಯುತ್ತದೆ.

ಉಳಿದ ಅರ್ಧದಲ್ಲಿ ಡಾಲ್ಫಿನ್ ಸೇರುತ್ತದೆ. ನಮ್ಮ ಕರಾವಳಿಯಲ್ಲಿ ಡಾಲ್ಫಿನ್ ಇರುವುದು ಸತ್ಯ, ಬೆನ್ನ ಮೇಲೆ ಗೂನಿರುವ ಜಾತಿ. ಆದರೆ ಅದು ಯಾವ ದೋಣಿಯವನ ಸಂಬಳದ ಆಳೂ ಅಲ್ಲ. ಕಾಣದಿದ್ದರೆ ದುಡ್ಡು ವಾಪಸ್ ಎಂದು ಹೇಳಿಸಿಕೊಂಡು ಹತ್ತಿದವರಿಗೆ ದೂರದ ಪ್ರತಿ ಕಪ್ಪು ಅಲೆಯನ್ನೂ ತೋರಿಸಿ, ನೋಡಿದಿರಾ ಎಂದು ಕೇಳುತ್ತಾರೆ. ಪಕ್ಕದವರು ನೋಡಿದೆ ಎಂದಮೇಲೆ ನಾವೊಬ್ಬರೇ ನೋಡಲಿಲ್ಲ ಎನ್ನುವುದು ಹೇಗೆ? ದಡಕ್ಕೆ ಬರುವ ಹೊತ್ತಿಗೆ ಎಲ್ಲರೂ ಡಾಲ್ಫಿನ್ ನೋಡಿದವರೇ. ಇದರಲ್ಲಿ ನನಗೆ ವಿಶೇಷ ತಕರಾರಿಲ್ಲ. ಊರಿಗೆ ಬಂದು ಹೇಳಲು ಒಂದು ಕಥೆಯಾದರೂ ಸಿಗುತ್ತದೆ. ಫೋಟೋದವರದ್ದು ಹಾಗಲ್ಲ. ಒಂದು ಫೋಟೋಕ್ಕೆ ಇಷ್ಟು ಎಂದು ಸಣ್ಣ ಮೊತ್ತ ಹೇಳಿ, ಹೊಸ ಮದುವೆಯ ಜೋಡಿಯನ್ನು ಬಂಡೆ ಹತ್ತಿಸಿ, ಇಳಿಸಿ, ನೀರು ಎರಚಿಸಿ, ನೂರಾರು ಸಲ ಕ್ಲಿಕ್ಕಿಸಿ, ಅಷ್ಟಕ್ಕೂ ದುಡ್ಡು ಎನ್ನುತ್ತಾರೆ. ನನ್ನ ಪರಿಚಯದ ಜೋಡಿಯೊಂದು ಹನ್ನೆರಡು ಆರಿಸಿಕೊಂಡು ಉಳಿದದ್ದನ್ನು ಎದುರಿಗೇ ಅಳಿಸಲು ಹೇಳಿತು. ಹುಡುಗಿ ಯಲ್ಲಾಪುರದವಳು, ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಾಳೆ.

ಬಾಡಿಗೆ ಸ್ಕೂಟರಿನ ವಿಷಯದಲ್ಲಿ ಒಂದು ಸಂಗತಿ ನಮ್ಮ ಹುಡುಗರಿಗೆ ಗೊತ್ತಿರಬೇಕು. ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಪರವಾನಗಿ ಪಡೆದ ವಾಹನಕ್ಕೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ ನಂಬರು ಇರುತ್ತದೆ. ಬಿಳಿ ಹಲಗೆಯದ್ದೆಂದರೆ ಯಾರದ್ದೋ ಮನೆಯ ಗಾಡಿ. ಗೋವೆಯಲ್ಲಿ ಪೊಲೀಸರು ಹಿಡಿದರೆ ಕೊಟ್ಟವನು ನಾಪತ್ತೆ, ಅಪಘಾತವಾದರೆ ವಿಮೆಯೂ ನಾಪತ್ತೆ. ವಾಪಸ್ ಕೊಡುವಾಗ ಈ ಗೀರು ನೀವೇ ಮಾಡಿದ್ದು ಎಂದು ಗಲಾಟೆ ಎಬ್ಬಿಸುವುದು ಥೈಲ್ಯಾಂಡಿನ ಪಟ್ಟಾಯ, ಫುಕೆಟ್ ಬೀಚುಗಳ ನೀರಿನ ಸ್ಕೂಟರಿನವರಿಂದ ಜಗತ್ತಿಗೆಲ್ಲ ಪ್ರಸಿದ್ಧವಾದ ವಿದ್ಯೆ. ಅಡಮಾನವೆಂದು ಮೂಲ ಗುರುತಿನ ಚೀಟಿ ಅವರ ಕೈಯಲ್ಲಿದ್ದರೆ ನಮ್ಮ ಜುಟ್ಟು ಅವರ ಕೈಯಲ್ಲಿದ್ದಂತೆ. ಹೊರಡುವ ಮೊದಲು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅದರ ಒಡೆಯನೂ ಕಾಣುವ ಹಾಗೆ ವಿಡಿಯೋ ಮಾಡಿಕೊಂಡರೆ ಗೀರುಗಳು ತಾವಾಗಿಯೇ ಹಳೆಯವಾಗುತ್ತವೆ.

ಆದರೆ ಈಗೀಗ ಮೋಸಹೋಗಲು ಘಟ್ಟ ಇಳಿಯುವ ತ್ರಾಸವೂ ಇಲ್ಲ. ಜಗಲಿಯಲ್ಲಿ ಕೂತೇ ಹೋಗಬಹುದು. ಅಂತರ್ಜಾಲದಲ್ಲಿ ರೆಸಾರ್ಟು ಹುಡುಕುತ್ತೇವೆ, ನೀಲಿ ಈಜುಕೊಳ, ತೆಂಗಿನ ಮರ, ಬಿಳಿ ಹಾಸಿಗೆ, ಅದರ ಮೇಲೆ ಟವೆಲ್ಲಿನಲ್ಲಿ ಮಾಡಿದ ಹಂಸ. ಅದೇ ಹಂಸ ಮೂರು ಬೇರೆ ಬೇರೆ ಹೆಸರಿನ ರೆಸಾರ್ಟುಗಳಲ್ಲಿ ಅದೇ ಮಂಚದ ಮೇಲೆ ಕೂತಿರುತ್ತದೆ. ನಿಜವಾದ ಹೋಟೆಲಿನ ಹೆಸರಿಗೆ ತಮ್ಮ ಫೋನ್ ನಂಬರು ಅಂಟಿಸಿ ಕಾಯುವವರೂ ಇದ್ದಾರೆ. ಫೋನ್ ಮಾಡಿದರೆ ಬಹಳ ವಿನಯದ ದನಿ. ಎರಡೇ ಕೋಣೆ ಉಳಿದಿವೆ ಸರ್, ಇನ್ನು ಹತ್ತು ನಿಮಿಷದಲ್ಲಿ ಅಡ್ವಾನ್ಸ್ ಹಾಕಿದರೆ ಹಿಡಿದಿಡುತ್ತೇನೆ. ಸೂರ್ಯನಿಗೆ ಚಕ್ರ ಅಡ್ಡ ಬಂತು ಎಂದು ಆಗಲೇ ತಿಳಿಯಬೇಕು. ದುಡ್ಡು ಹಾಕಿ, ಮಕ್ಕಳನ್ನು ಕಾರಿಗೆ ತುಂಬಿ, ದೇವಿಮನೆ ಘಟ್ಟದ ತಿರುವುಗಳಲ್ಲಿ ಒಬ್ಬಿಬ್ಬರಿಗೆ ವಾಂತಿ ಮಾಡಿಸಿ ಇಳಿದು ಹೋದರೆ ಆ ಜಾಗದಲ್ಲಿ ಗಾಳಿಮರದ ತೋಪು ಮಾತ್ರ ಇರುತ್ತದೆ.

ಇದಕ್ಕೆ ನಮ್ಮ ಸೋದರತ್ತೆಯ ಹತ್ತಿರ ಒಂದು ಉಪಾಯವಿದೆ. ಉಪಾಯವೆಂದು ಅವಳಿಗೆ ಗೊತ್ತಿಲ್ಲ, ಅದು ಅವಳ ಸ್ವಭಾವ. ಯಾರ ಜೊತೆ ಮಾತಾಡಿದರೂ ಹತ್ತು ಮಾತಿನೊಳಗೆ ಅವರ ಊರು, ಮನೆ, ತಾಯಿಯ ತವರು ತಿಳಿಯದಿದ್ದರೆ ಅವಳಿಗೆ ಅನ್ನ ಮೆಟ್ಟುವುದಿಲ್ಲ. ಕಳೆದ ಬೇಸಿಗೆಯಲ್ಲಿ ಮೊಮ್ಮಗ ರೆಸಾರ್ಟಿನವನೊಡನೆ ಮಾತಾಡುತ್ತಿದ್ದಾಗ ಫೋನು ಕಸಿದುಕೊಂಡಳು. ತಮಾ, ನಿಂದು ಯಾವೂರಾತು? ಆ ಕಡೆಯವನು ಗೋಕರ್ಣ ಎಂದ, ಹಿಂದಿಯಲ್ಲಿ. ಗೋಕರ್ಣದಲ್ಲಿ ಎಲ್ಲಾತು, ರಥಬೀದಿಯಿಂದ ಯಾವ ಕಡೆಗೆ, ಬಾವಿ ನೀರು ಉಪ್ಪಾಗುತ್ತದಾ, ನಿನ್ನೆ ರಾತ್ರಿ ಗುಡುಗಿತ್ತಲ್ಲ ಮಳೆ ಬಂತಾ. ಅವನು ಮೇಡಂ ಮೇಡಂ ಎಂದು ಎರಡು ಸಲ ಅಂದು ಫೋನಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಬ್ಯಾಂಕಿನವರು ಎರಡೆರಡು ಸಲ ಗುರುತು ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ ತಂದದ್ದು ಮೊನ್ನೆ ಮೊನ್ನೆ. ನಮ್ಮ ಹೆಂಗಸರು ಅದನ್ನು ಎಷ್ಟೋ ತಲೆಮಾರಿನಿಂದ ನಡೆಸುತ್ತಿದ್ದಾರೆ. ಅಲ್ಲಿಯವನೇ ಆಗಿದ್ದರೆ, ಕೆಲಸಕ್ಕೆ ಬಂದ ಹಿಂದಿಯವನೇ ಆಗಿದ್ದರೂ ಸರಿ, ಮಳೆ ಬಂತೋ ಇಲ್ಲವೋ ಎಂಬುದಾದರೂ ಗೊತ್ತಿರುತ್ತಿತ್ತು.

ದುಡ್ಡು ಹೋಗಿಯೇ ಬಿಟ್ಟರೆ ಸಂಕೋಚವನ್ನು ಅರೆಗಳಿಗೆ ಬದಿಗಿಟ್ಟು 1930ಕ್ಕೆ ಫೋನ್ ಮಾಡಬೇಕು. ಸೈಬರ್ ವಂಚನೆಗೆಂದೇ ಇಟ್ಟ ನಂಬರು ಅದು. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆಯಿದೆ. ನಮ್ಮಲ್ಲಿ ಆಗುವುದೇನೆಂದರೆ, ಮೊದಲು ಯಾರಿಗೂ ಹೇಳುವುದು ಬೇಡ ಎಂದು ಗಂಡ, ಆಮೇಲೆ ಅಪ್ಪನಿಗೆ ಗೊತ್ತಾಗುವುದು ಬೇಡ ಎಂದು ಮಗ. ಎರಡು ದಿನ ಕಳೆಯುತ್ತದೆ. ಮೋಸಗಾರನಿಗೆ ನಮ್ಮ ಮರ್ಯಾದೆಗಿಂತ ದೊಡ್ಡ ಪಾಲುದಾರ ಇಲ್ಲ.

ಮಾರಿಕಾಂಬಾ ಜಾತ್ರೆಯಲ್ಲಿ ನಾವು ಇಷ್ಟು ದಡ್ಡರಾಗಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಪೇಟೆ ತುಂಬ ರಿಂಗು ಎಸೆಯುವ ಆಟ, ಬಲೂನಿಗೆ ಬಂದೂಕು, ಏನು ತೆಗೆದುಕೊಂಡರೂ ಒಂದೇ ದರದ ಅಂಗಡಿ. ರಿಂಗಿಗಿಂತ ಸಾಬೂನಿನ ಪೆಟ್ಟಿಗೆಯೇ ಅಗಲ ಎಂದು ಎಲ್ಲರಿಗೂ ಗೊತ್ತು, ಆದರೂ ಎಸೆಯುತ್ತೇವೆ. ಅಲ್ಲಿ ನಾವು ಮೋಸಹೋಗುವುದು ಖುಷಿಗೆ. ಅಮ್ಮಂದಿರು ಮಕ್ಕಳ ಮುಷ್ಟಿಯಲ್ಲಿ ಜಾತ್ರೆಗೆಂದು ಇಷ್ಟು ದುಡ್ಡು ಎಂದು ಇಟ್ಟು ಕಳಿಸುತ್ತಿದ್ದರು. ಅದು ಕಳೆದುಕೊಳ್ಳಲೆಂದೇ ಕೊಟ್ಟ ದುಡ್ಡು, ಮುಗಿದರೆ ಮನೆಗೆ. ಈಗ ಕಿಸೆಯ ಫೋನಿನಲ್ಲಿ ಅಡಿಕೆಯ ಇಡೀ ವರ್ಷದ ದುಡ್ಡು ಕೂತಿರುತ್ತದೆ. ತಿರುಗಾಟಕ್ಕೆಂದೇ ಬೇರೊಂದು ಖಾತೆ ತೆರೆದು, ಅದರಲ್ಲಿ ಜಾತ್ರೆ ದುಡ್ಡಿನಷ್ಟೇ ಹಾಕಿ, ಫೋನಿಗೆ ಅದನ್ನೊಂದೇ ಜೋಡಿಸಿಕೊಂಡ ಒಬ್ಬ ಮಾಸ್ತರರನ್ನು ಬಲ್ಲೆ. ಅವರ ಜೊತೆ ಪ್ರವಾಸ ಹೋದರೆ ಮಸಾಲೆದೋಸೆಗೂ ಖಾತೆ ನೋಡಿ ಹೇಳುತ್ತಾರೆ ಎಂಬ ದೂರಿದೆ, ಇರಲಿ.

ದೊಡ್ಡ ರೆಸಾರ್ಟಿನ ಬಿಲ್ಲು ಬೇರೆಯೇ ಜಾತಿಯದು. ಅಲ್ಲಿ ಎಲ್ಲವೂ ಅಚ್ಚಾಗಿ ಬರುವುದರಿಂದ ಯಾರೂ ಪ್ರಶ್ನಿಸುವುದಿಲ್ಲ. ನನ್ನ ಗೆಳೆಯರೊಬ್ಬರು, ಸಿದ್ದಾಪುರದ ನಿವೃತ್ತ ಗುಮಾಸ್ತರು, ಅಲ್ಲೂ ಕನ್ನಡಕ ಏರಿಸುತ್ತಾರೆ. ಸೇವಾ ಶುಲ್ಕ ಎಂದು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದ್ದು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದದ್ದು, ಎರಡೂ ಅವರ ನಾಲಿಗೆಯ ತುದಿಯಲ್ಲಿವೆ. ಮ್ಯಾನೇಜರು ಬಂದು ನಗುತ್ತ ಅದನ್ನು ಹೊಡೆದುಹಾಕುತ್ತಾನೆ. ಆದರೆ ಇವರು ಅಲ್ಲಿಗೆ ನಿಲ್ಲದೆ ನೀರಿನ ಬಾಟಲಿಗೂ ಕೈಹಾಕಿ ಸೋಲುತ್ತಾರೆ. ದಂಡೆಯ ಗೂಡಂಗಡಿಯವನು ಬಾಟಲಿಯ ಮೇಲೆ ಅಚ್ಚಾದ ದರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಮೇಜು ಹಾಕಿ ಬಡಿಸುವ ಹೋಟೆಲಿನವನು ಕೇಳಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೂತು ಕುಡಿದರೆ ಒಂದು ದರ, ನಿಂತು ಕುಡಿದರೆ ಇನ್ನೊಂದು. ಗುಮಾಸ್ತರು ಈಗ ಎದ್ದು ಹೊರಗೆ ಹೋಗಿ ಕುಡಿದು ಬರುತ್ತಾರೆ.

ಹುಬ್ಬಳ್ಳಿಗೆ ಬಟ್ಟೆ ತರಲು ಹೋದವರಿಗೆ ಮಾಲಿನಲ್ಲಿ ಚೀಟಿ ತುಂಬಿಸಿಕೊಂಡು, ವಾರದ ನಂತರ ನಿಮಗೆ ಬೀಚಿನಲ್ಲಿ ಮೂರು ದಿನ ಉಚಿತ ವಾಸ ಬಂದಿದೆ, ದಂಪತಿ ಸಮೇತ ಬನ್ನಿ ಎಂದು ಕರೆಯುವವರಿದ್ದಾರೆ. ದಂಪತಿ ಸಮೇತ ಯಾಕೆಂದರೆ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂಬ ನಮ್ಮ ಕಟ್ಟಕಡೆಯ ಅಸ್ತ್ರ ಅಲ್ಲಿ ನಡೆಯುವುದಿಲ್ಲ. ತಂಪು ಕೋಣೆ, ಬಿಸ್ಕೀಟು, ಮೂರು ತಾಸಿನ ಉಪನ್ಯಾಸ, ಇವತ್ತೇ ಸಹಿ ಹಾಕಿದರೆ ಅರ್ಧ ದರ. ಇಪ್ಪತ್ತೈದು ವರ್ಷದ ರಜೆಗೆ ಇವತ್ತೇ ದುಡ್ಡು. ಬಿಸ್ಕೀಟು ತಿಂದೆವಲ್ಲ ಎಂಬ ದಾಕ್ಷಿಣ್ಯಕ್ಕೆ ಸಹಿ ಹಾಕಿ ಬಂದವರು ನಮ್ಮ ಸೀಮೆಯಲ್ಲಿದ್ದಾರೆ. ಉಂಡ ಮನೆಯಿಂದ ಬರಿಗೈಯಲ್ಲಿ ಏಳಬಾರದು ಎಂಬುದು ನೆಂಟಸ್ತಿಕೆಯ ನಿಯಮ. ಮಾರಾಟದ ಕೋಣೆಯಲ್ಲಿ ಅದನ್ನು ಪಾಲಿಸಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಘಟ್ಟದ ಮೇಲೆ ಎಲ್ಲರೂ ಹರಿಶ್ಚಂದ್ರರು ಎಂದು ತಿಳಿಯಬೇಡಿ. ಸಮುದ್ರ ನೋಡಿ ಮುಗಿಸಿದ ಪ್ರವಾಸಿಗಳು ಈಗ ಮೇಲೆ ಬರುತ್ತಿದ್ದಾರೆ: ಯಾಣ, ಸಹಸ್ರಲಿಂಗ, ಉಂಚಳ್ಳಿ, ಮಾಗೋಡು, ಸಾತೊಡ್ಡಿ. ಅವರಿಗೆಂದು ರಸ್ತೆ ಬದಿಯಲ್ಲಿ ಕಾಡುಜೇನು ಹುಟ್ಟಿಕೊಂಡಿದೆ. ಬಾಟಲಿಯಲ್ಲಿ ಒಂದೆರಡು ಸತ್ತ ಹುಳ, ಒಂದು ಮೇಣದ ಚೂರು, ಉಳಿದದ್ದು ಜೋನಿಬೆಲ್ಲ. ಆ ಜೋನಿಬೆಲ್ಲದಲ್ಲೂ ಸಕ್ಕರೆ. ಮಿಸರಿ ಜೇನು ಎಂದು ಕ್ವಿಂಟಾಲುಗಟ್ಟಲೆ ಮಾರುವವರನ್ನು ಕಂಡರೆ ನಮ್ಮ ಜೇನು ಸಾಕುವ ಹಿರಿಯರು ನಗುತ್ತಾರೆ, ಆ ಪುಟ್ಟ ಹುಳ ವರ್ಷಕ್ಕೆ ಕೊಡುವುದು ಒಂದು ಲೋಟ ತುಂಬಿದರೆ ಹೆಚ್ಚು. ಕಡ್ಡಿ ಗೀರಿ, ನೀರಿಗೆ ಹನಿ ಬಿಟ್ಟು ಪರೀಕ್ಷಿಸುವ ಆಟಗಳನ್ನು ನಂಬಬೇಡಿ. ಸೊಸೈಟಿಯ ಮಳಿಗೆಯಲ್ಲೋ ಪೆಟ್ಟಿಗೆ ಇಟ್ಟವರ ಮನೆಯಲ್ಲೋ ಕೊಳ್ಳಿ. ಜೋಗದ ಪ್ಯಾಕೇಜು ಮಾರುವವರು ಫೋಟೋ ತೋರಿಸುವುದು ಆಗಸ್ಟಿನದು, ಕರೆದುಕೊಂಡು ಹೋಗುವುದು ಏಪ್ರಿಲಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ರಾಜಾ ರಾಣಿ ರೋರರ್ ರಾಕೆಟ್ ನಾಲ್ವರೂ ಬೇಸಿಗೆಯಲ್ಲಿ ಬಹುಪಾಲು ರಜೆಯಲ್ಲಿರುತ್ತಾರೆ. ಬಂಡೆಯ ಮೇಲಿನ ಕಪ್ಪು ಗೆರೆ ನೋಡಿ ಬೆಂಗಳೂರಿನವರು ಸಿದ್ದಾಪುರದ ಹೋಟೆಲಿನಲ್ಲಿ ನಮ್ಮನ್ನೇ ದುರುಗುಟ್ಟುತ್ತಾರೆ, ನೀರನ್ನು ನಾವೇ ಮನೆಗೆ ಒಯ್ದಂತೆ.

ಹೋಂಸ್ಟೇ ಇಟ್ಟವರ ಪಾಡು ಇನ್ನೂ ಮಜವಾಗಿದೆ. ಅವರನ್ನು ದೋಚಲು ಬೇರೆ ತಂಡವೇ ಇದೆ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ಫೋನು ಬರುತ್ತದೆ. ಇಪ್ಪತ್ತು ಜವಾನರಿಗೆ ಎರಡು ದಿನದ ವಸತಿ, ಊಟ, ಅಡ್ವಾನ್ಸು ಈಗಲೇ. ಆದರೆ ಸೇನೆಯ ಪದ್ಧತಿ ಪ್ರಕಾರ ಮೊದಲು ನಾನು ಕಳಿಸಿದ ಚೌಕಳಿ ಚಿತ್ರವನ್ನು ನೀವು ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕು. ಹಣ ಬರುವುದಕ್ಕೆ ಯಾರೂ ಪಿನ್ ಒತ್ತಬೇಕಾಗಿಲ್ಲ, ಹೋಗುವುದಕ್ಕೆ ಮಾತ್ರ. ಇದು ಎಲ್ಲರಿಗೂ ಗೊತ್ತು. ಆದರೆ ದೇಶ ಕಾಯುವವನನ್ನು ಅನುಮಾನಿಸುವುದು ಹೇಗೆ ಎಂದು ಒಂದು ಕ್ಷಣ ಬೆರಳು ಮುಂದಾಗುತ್ತದೆ.

ಯಲ್ಲಾಪುರದ ಹಾದಿಯಲ್ಲಿ ನಮ್ಮ ನೆಂಟರೊಬ್ಬರು ತೋಟದ ಮನೆಯ ಮೆತ್ತಿನ ಮೇಲೆ ನಾಲ್ಕು ಕೋಣೆ ಸಜ್ಜು ಮಾಡಿ ಹೋಂಸ್ಟೇ ತೆರೆದರು. ಶುರುವಿನಲ್ಲಿ ಬಂದವರು ಎರಡು ದಿನ ಇದ್ದು, ತೊಡದೇವು ತಿಂದು, ಮುರುಗಲ ಪಾನಕ ಕುಡಿದು, ಹೊರಡುವಾಗ ಎಷ್ಟಾಯಿತು ಎಂದು ಕೇಳಿದರೆ ಇವರಿಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ನೆಲ ನೋಡುತ್ತ, ನಿಮಗೆ ತಿಳಿದಷ್ಟು ಕೊಡಿ ಎನ್ನುತ್ತಿದ್ದರು. ಬೆಂಗಳೂರಿನವರು ಬೆಚ್ಚಿಬೀಳುತ್ತಿದ್ದರು. ದರ ಹೇಳದವನು ಖಂಡಿತ ಏನೋ ಹೂಡಿದ್ದಾನೆ, ಕಡಿಮೆ ಕೊಟ್ಟರೆ ಜಗಳ ತೆಗೆಯುತ್ತಾನೆ ಎಂದು ಗಂಡ ಹೆಂಡತಿ ಬದಿಗೆ ಹೋಗಿ ಪಿಸುಗುಟ್ಟುತ್ತಿದ್ದರು. ಒಬ್ಬರಂತೂ ಮುಂಜಾಗ್ರತೆಗೆಂದು ಇವರ ಮಾತನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡರಂತೆ. ಕೊನೆಗೆ ಮಗಳು ಸಿಟ್ಟಾಗಿ ಕೋಣೆಗೆ ಇಷ್ಟು, ಊಟಕ್ಕೆ ಇಷ್ಟು, ಮಕ್ಕಳಿಗೆ ಅರ್ಧ ಎಂದು ದೊಡ್ಡ ಅಕ್ಷರದಲ್ಲಿ ದರಪಟ್ಟಿ ಅಚ್ಚು ಹಾಕಿಸಿ ಚೌಕಟ್ಟು ಕಟ್ಟಿಸಿ ತಂದಳು. ಅಪ್ಪ ಬೇಡವೆನ್ನಲಿಲ್ಲ. ಸುತ್ತಿಗೆ ಮೊಳೆ ತಂದು ತಾವೇ ಹೊಡೆದು, ಹೆಬ್ಬಾಗಿಲ ಕದದ ಹಿಂದಿನ ಗೋಡೆಗೆ ನೇ‌ತು ಹಾಕಿದರು. ಕದ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಮನೆಯಲ್ಲಿ ನೆಂಟರಿದ್ದಾಗ ಹಗಲು ಹೊತ್ತು ಕದ ಹಾಕುವ ಪದ್ಧತಿ ನಮ್ಮಲ್ಲಿಲ್ಲ.